ಸೋಮವಾರದ ಓಸ್ಟಿಯಾ

ಬೇರೆ ಊರುಗಳಲ್ಲಿ ರೋಮಿಗೆ ಹೋಗುವವರು ಮೊದಲು ವೀಸಾ ಮಾಡಿಸಿ ಆಮೇಲೆ ಟಿಕೆಟ್ ಕೊಳ್ಳುತ್ತಾರೆ. ದುಬೈಯ ನಮ್ಮ ಬಡಾವಣೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಇವೆರಡಕ್ಕೂ ಮೊದಲು ಆಲ್ಫೋನ್ಸ್ ಅಂಕಲ್ಲರ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿಯಬೇಕು. ಕುಡಿಯದೆ ಹೋದವರೂ ಇದ್ದಾರೆ. ಅವರ ವಿಷಯವನ್ನು ಅಂಕಲ್ ಹೇಳುವ ಧಾಟಿ ಕೇಳಿದರೆ, ಪಾಪ, ಅಷ್ಟು ದುಡ್ಡು ಸುರಿದು ಹೋಗಿ ಏನನ್ನೂ ನೋಡದೆ ಬಂದರಲ್ಲ ಅನ್ನಿಸಿಬಿಡುತ್ತದೆ.

ಆಲ್ಫೋನ್ಸ್ ಲೋಬೊ ನನ್ನ ಆಫೀಸಿನವರೇ. ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಪರೀಕ್ಷಿಸುತ್ತೇನೆ, ಅವರು ಎಸಿಯಿಂದ ಹಿಡಿದು ಎಮಿರೇಟ್ಸ್ ಐಡಿವರೆಗೆ ಕೆಟ್ಟದ್ದನ್ನೆಲ್ಲ ಸರಿಮಾಡಿಸುತ್ತಾರೆ. ನಂಜನಗೂಡಿನಿಂದ ಬಂದಿಳಿದ ಹೊಸದರಲ್ಲಿ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವರೂ ಅವರೇ, ತಾವಿದ್ದ ಕಟ್ಟಡದಲ್ಲೇ, ಒಂದು ಮಹಡಿ ಮೇಲೆ. ಇಟಲಿ ಕ್ಲಸ್ಟರ್. ಇಲ್ಲಿ ಬೀದಿಗಳಿಗೆ ದೇಶಗಳ ಹೆಸರಿಟ್ಟಿದ್ದಾರೆ. ಹಾಗಾಗಿ ನಾವು ಇಟಲಿಯಲ್ಲಿ ಮಲಗಿ ಎದ್ದು, ಪರ್ಷಿಯಾದಲ್ಲಿ ದೋಸೆ ಹಿಟ್ಟು ಕೊಂಡು, ಮೊರಾಕೊದಲ್ಲಿ ಕೂದಲು ಕತ್ತರಿಸಿಕೊಂಡು ಬರುವ ಜನ. ಇಟಲಿ ಅಂದರೆ ಕಿಟಕಿಗಳ ಮೇಲೊಂದು ಕಮಾನು, ಬಾಲ್ಕನಿಯಲ್ಲಿ ಒಣಗುವ ಬನಿಯನ್ನು, ಅಷ್ಟೇ.

ಅಂಕಲ್ ಕೊಡುವ ಸಲಹೆಯ ತಿರುಳು ಒಂದೇ: ರೋಮಿನಲ್ಲಿ ಇರಬೇಡಿ. ರಾತ್ರಿ ಮಲಗುವುದಕ್ಕೆ ರೋಮು ಸಾಕು. ಬೆಳಗಾದರೆ ರೈಲು ಹತ್ತಿ ಹೊರಗೆ ಹೋಗಬೇಕು, ಕತ್ತಲಾಗುವ ಮೊದಲು ಮರಳಬೇಕು. ತಿವೋಲಿಗೆ ಹೋಗಿ ಹೇಡ್ರಿಯನ್ ಚಕ್ರವರ್ತಿಯ ಅರಮನೆಯ ಪಾಳು ನೋಡಬೇಕು, ಆದರೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಹೋಗಬೇಕು. ಆ ಚಕ್ರವರ್ತಿ ಅಷ್ಟು ದೊಡ್ಡ ಮನೆ ಕಟ್ಟಿಸಿಟ್ಟು ಊರೂರು ಸುತ್ತುತ್ತಿದ್ದನಂತೆ. ಅಂಕಲ್ಲರ ಪ್ರಕಾರ ಅವನು ಹಳೆಯ ಕಾಲದ ಗಲ್ಫ್ ಮನುಷ್ಯ, ಊರಿನಲ್ಲಿ ಬಂಗಲೆ ಎಬ್ಬಿಸಿ ವರ್ಷಕ್ಕೊಮ್ಮೆ ಅದರ ಧೂಳು ಒರೆಸಲು ಹೋಗುವ ಪೈಕಿ. ಒರ್ವಿಯೆತೊ ಬೆಟ್ಟದ ನೆತ್ತಿಯ ಊರು. ಮೇಲಕ್ಕೆ ಎಳೆದುಕೊಂಡು ಹೋಗುವ ಹಳಿಗಾಡಿ ಇದೆ. ಅಲ್ಲಿನ ಇಗರ್ಜಿಯ, ಅಂದರೆ ಚರ್ಚಿನ, ಮುಂಭಾಗ ನೋಡಲು ಎಷ್ಟು ಹೊತ್ತು ಬೇಕೋ ಅದರ ಎದುರಿನ ಅಂಗಡಿಯ ಐಸ್‌ಕ್ರೀಮಿಗೂ ಅಷ್ಟೇ ಹೊತ್ತು ಇಟ್ಟುಕೊಳ್ಳಬೇಕು. ಅಸ್ಸಿಸಿಯಲ್ಲಿ ಇಡೀ ದಿನ ಏರುದಾರಿ. ಸಂತ ಫ್ರಾನ್ಸಿಸರು ಇದ್ದುದನ್ನೆಲ್ಲ ಬಿಟ್ಟುಕೊಟ್ಟದ್ದು ಏಕೆಂದು ಬ್ಯಾಗು ಹೊತ್ತು ಆ ದಾರಿ ಹತ್ತಿದವರಿಗೆ ತಿಳಿಯುತ್ತದೆ ಅನ್ನುತ್ತಾರೆ.

ಕೊನೆಗೆ ಬರುವುದು ಓಸ್ಟಿಯಾ. ಅದರ ಹೆಸರು ಬಂದರೆ ಅಂಕಲ್ ಲೋಟ ಕೆಳಗಿಡುತ್ತಾರೆ. ಅದು ರೋಮನ್ನರ ಹಳೆಯ ಬಂದರು ಪಟ್ಟಣ, ಈಗ ಪಾಳು, ರೋಮಿನಿಂದ ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಸಂತ ಮೋನಿಕಾ ಕಣ್ಣುಮುಚ್ಚಿದ ಊರು. ಅಲ್ಲಿ ಇಡೀ ಬೀದಿ ಹಾಗೇ ಉಳಿದಿದೆಯಂತೆ. ನಾಟಕಶಾಲೆ, ರೊಟ್ಟಿ ಸುಡುವ ಒಲೆ, ಹೆಂಡದಂಗಡಿಯ ಕಲ್ಲಿನ ಕಟ್ಟೆ, ಕೆಳಗೆ ಅಂಗಡಿ ಮೇಲೆ ಬಾಡಿಗೆದಾರರು ಇದ್ದ ಮಹಡಿ ಮನೆಗಳು. ಜನ ಸಾಲಾಗಿ ಕೂತು ಹರಟುತ್ತಿದ್ದ ಕಲ್ಲಿನ ಪಾಯಿಖಾನೆಯನ್ನಂತೂ ಅಂಕಲ್ ಬಹಳ ಅಕ್ಕರೆಯಿಂದ ವರ್ಣಿಸುತ್ತಾರೆ. ನಮ್ಮ ಇಂಟರ್‌ನ್ಯಾಷನಲ್ ಸಿಟಿಯೇ, ಎಸಿ ಒಂದಿಲ್ಲ ಅನ್ನುವುದು ಅವರ ಷರಾ. ಆಮೇಲೆ ಬೆರಳೆತ್ತಿ ಮುಖ್ಯವಾದ ಮಾತು ಹೇಳುತ್ತಾರೆ.

“ಸೋಮವಾರವೇ ಹೋಗಿ. ಒಂದು ನರಪಿಳ್ಳೆ ಇರುದಿಲ್ಲ. ಅಂಥ ಶಾಂತಿ ನಿಮಗೆ ಬೇರೆಲ್ಲಿಯೂ ಸಿಗ್ಲಿಕ್ಕಿಲ್ಲ.”

ಹೋಗಿ ಬಂದವರೂ ಹಾಗೇ ಹೇಳುತ್ತಿದ್ದರು. ಪಕ್ಕದ ಕಟ್ಟಡದ ಮಾರ್ಸೆಲ್ ಮತ್ತು ಬೆಟ್ಟಿ ದಂಪತಿ, ಇಗರ್ಜಿಯ ಗಾಯನ ತಂಡದ ವಿಲ್ಸನ್, ಎಲ್ಲರದೂ ಒಂದೇ ಮಾತು: ಓಸ್ಟಿಯಾ ಸೂಪರ್, ಅಂಕಲ್, ಶಾಂತಿ ಅಂದರೆ ಶಾಂತಿ. ಅಂಕಲ್ ಆಗ ಕಣ್ಣು ಅರ್ಧ ಮುಚ್ಚಿ ತಲೆಯಾಡಿಸುತ್ತಿದ್ದರು.

ಇಷ್ಟು ಹೇಳಿದ ಮೇಲೆ ಅವರ ಹೆಂಡತಿ ಎಲ್ಲಿ ಅಂತ ನೀವು ಕೇಳಬೇಕು. ನಾನೂ ಕೇಳಿದ್ದೆ. ರೆಜಿನಾ ಆಂಟಿ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸು, ವಾಸ ಖಲೀಫಾ ಸಿಟಿಯಲ್ಲಿ ಆಸ್ಪತ್ರೆ ಕೊಟ್ಟ ಕೋಣೆಯಲ್ಲಿ. ಗಂಡ ದುಬೈ, ಹೆಂಡತಿ ಅಬುಧಾಬಿ. ಮದುವೆಯಾದ ಹೊಸತರಲ್ಲಿ ಇದು ಒಂದೆರಡು ವರ್ಷದ ಮಾತು ಅಂದುಕೊಂಡಿದ್ದರಂತೆ. ಆ ಒಂದೆರಡು ವರ್ಷದಲ್ಲಿ ಮಗಳು ಜಾನಿಸ್ ಕಲ್ಯಾಣಪುರದಲ್ಲಿ ಅಜ್ಜಿಯ ಹತ್ತಿರ ಬೆಳೆದು, ಓದು ಮುಗಿಸಿ, ಮದುವೆಯಾಗಿ ಮಸ್ಕತ್ತಿಗೆ ಹೋದಳು. ಇವರಿಬ್ಬರೂ ಬಸ್ಸಿನಲ್ಲೇ ಇದ್ದರು. ಒಂದು ವಾರ ಅಂಕಲ್ ಹೋಗುವುದು, ಮುಂದಿನ ವಾರ ಆಂಟಿ ಬರುವುದು. ಬೆಳಿಗ್ಗೆ ಹೊರಟು ಸಂಜೆಯ ಬಸ್ಸಿಗೆ ವಾಪಸು, ಏಕೆಂದರೆ ಆಂಟಿಗೆ ಮರುದಿನ ಬೆಳಗಿನ ಪಾಳಿ ಇದ್ದೇ ಇರುತ್ತಿತ್ತು. ಊಟ ಮುಗಿದು ತಟ್ಟೆ ಒಣಗುವ ಮೊದಲೇ ಅಂಕಲ್ ಕೈಗಡಿಯಾರ ನೋಡಿ, ಅರಬ್ಬರ ಹಾಗೆ ಯಲ್ಲಾ, ನಡಿ ನಡಿ, ಬಸ್ಸಿಗೆ ಹೊತ್ತಾಯ್ತು ಅನ್ನುವುದು ವಾಡಿಕೆ. ಒಂದು ದಿನದ ಪ್ರವಾಸದಲ್ಲಿ ಅವರು ಪಂಡಿತರಾದದ್ದು ಇಟಲಿಯಲ್ಲಲ್ಲ, ಈ ಮದುವೆಯಲ್ಲಿ.

ನನಗೆ ಕಾರು ಬಂದ ಮೇಲೆ ಆಂಟಿಯನ್ನು ಇಬ್ನ್ ಬತೂತಾ ಬಸ್ ಸ್ಟ್ಯಾಂಡಿಗೆ ಬಿಡುವ ಕೆಲಸ ನನ್ನದಾಯಿತು. ಅಂಕಲ್ ಮುಂದಿನ ಸೀಟಿನಲ್ಲಿ ಕೂತು ಯಾವ ಲೇನ್ ಹಿಡಿಯಬೇಕೆಂದು ಸಲಹೆ ಕೊಡುವರು, ಆಂಟಿ ಹಿಂದೆ ಖಾಲಿ ಡಬ್ಬಿಗಳ ಚೀಲ ಹಿಡಿದು ಕೂರುವರು. ಅವರೊಳಗೆ ಕೊಂಕಣಿ, ನನ್ನ ಹತ್ತಿರ ಕನ್ನಡ.

ಈ ವರ್ಷ ಆಂಟಿಯ ಸೇವೆ ಮುಗಿಯಿತು. ಮೊಣಕಾಲು ಕೇಳುತ್ತಿಲ್ಲ, ಇನ್ನು ಸಾಕು ಎಂದು ಅವರೇ ಬರೆದುಕೊಟ್ಟರು. ಕೆಲಸ ಮುಗಿದರೆ ಈ ದೇಶದಲ್ಲಿ ವೀಸಾವೂ ಮುಗಿಯುತ್ತದೆ. ಅದೇನು ದೊಡ್ಡ ತೊಡಕಲ್ಲ. ಅಂಕಲ್ಲರಿಗೆ ಇನ್ನೂ ಎರಡು ವರ್ಷ ಕೆಲಸವಿದೆ, ಹೆಂಡತಿಯನ್ನು ತಮ್ಮ ವೀಸಾಕ್ಕೆ ಸೇರಿಸಿಕೊಂಡರೆ ಇಬ್ಬರೂ ಜೀವಮಾನದಲ್ಲಿ ಮೊದಲ ಸಲ ಒಂದೇ ಮನೆಯಲ್ಲಿ ಇರಬಹುದು. ಆಫೀಸಿನಲ್ಲಿ ಎಷ್ಟು ಜನರ ಹೆಂಡಂದಿರಿಗೆ ಈ ಕೆಲಸ ಮಾಡಿಸಿಕೊಟ್ಟವರು ಅವರು. ಆದರೆ ತಮ್ಮ ಹೆಂಡತಿಗೆ ಇರು ಅನ್ನುವ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಬದಲಿಗೆ ಮಂಗಳೂರಿಗೆ ಯಾವ ವಿಮಾನ ಒಳ್ಳೆಯದು, ಯಾವ ಬದಿಯ ಕಿಟಕಿಯಲ್ಲಿ ಕೂತರೆ ಇಳಿಯುವಾಗ ನದಿ ಕಾಣುತ್ತದೆ ಎಂದು ಸಲಹೆ ಕೊಟ್ಟರು. ನನಗೆ ಮೈಯೆಲ್ಲ ಉರಿಯಿತು. ಆಂಟಿ ಕೇಳಿಸಿಕೊಂಡು, ಆಗಲಿ ಅಂದರು.

ಆಂಟಿಯ ಮನಸ್ಸಿನಲ್ಲಿ ಏನಿದೆಯೆಂದು ನನಗೆ ತಿಳಿದದ್ದು ಅಂಕಲ್ಲರಿಗೆ ಜ್ವರ ಬಂದ ಒಂದು ಭಾನುವಾರ. ಅಂದು ನಾನೊಬ್ಬಳೇ ಆಂಟಿಯನ್ನು ಬಿಡಲು ಹೊರಟಿದ್ದೆ, ಅವರು ಮುಂದೆ ಕೂತಿದ್ದರು. ಮಾತಿಗೆ ಮಾತು ಬಂದು, ಓಸ್ಟಿಯಾದಲ್ಲಿ ನಿಮಗೆ ಹಿಡಿಸಿದ್ದು ಯಾವುದು ಆಂಟಿ ಅಂತ ಕೇಳಿದೆ. ಗೇಟು ಅಂದರು.

ಅವರು ಹೋದದ್ದು ೨೦೧೮ರಲ್ಲಿ, ಇಗರ್ಜಿಯವರ ಯಾತ್ರೆಯ ಗುಂಪಿನೊಂದಿಗೆ. ತಿವೋಲಿ, ಒರ್ವಿಯೆತೊ, ಅಸ್ಸಿಸಿ ಎಲ್ಲ ಗುಂಪಿನಲ್ಲಿ ಆಯಿತು. ಒಂದು ದಿನ ಬಿಡುವು ಕೊಟ್ಟರು. ಉಳಿದವರು ಜಪಸರ, ಚಪ್ಪಲಿ ಕೊಳ್ಳಲು ಹೋದರೆ ಅಂಕಲ್ ಹೆಂಡತಿಯನ್ನು ಓಸ್ಟಿಯಾಕ್ಕೆ ಹೊರಡಿಸಿದರು. ಆ ದಿನ ಸೋಮವಾರ. ಆಗಿನ್ನೂ ಇಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರದ ಪೂಜೆಯನ್ನೂ ನಮ್ಮ ಕ್ರೈಸ್ತರು ಶುಕ್ರವಾರವೇ ಕೇಳುತ್ತಿದ್ದರು, ಭಾನುವಾರ ಆಫೀಸು ಶುರು. ಇಪ್ಪತ್ತೈದು ವರ್ಷ ಹೀಗೆ ಬದುಕಿದ ಮನುಷ್ಯನ ಲೆಕ್ಕದಲ್ಲಿ ಸೋಮವಾರ ಅಂದರೆ ವಾರದ ಎರಡನೆಯ ದಿನ, ಕೆಲಸ ಭರಾಟೆಯಲ್ಲಿರುವ ದಿನ. ಅಂಥ ದಿನ ಸರಕಾರದ ಜಾಗವೊಂದು ಬಾಗಿಲು ಮುಚ್ಚುತ್ತದೆ ಎಂದು ಅವರ ತಲೆಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಹೋಗಿ ನೋಡಿದರೆ ಗೇಟಿಗೆ ಬೀಗ. ಅಲ್ಲಿದ್ದ ಬೋರ್ಡನ್ನು ಓದುವ ಗೋಜಿಗೆ ಹೋಗದೆ ಅಂಕಲ್, ಮುಷ್ಕರ, ಈ ಇಟಲಿಯವರದ್ದು ಯಾವಾಗಲೂ ಮುಷ್ಕರ ಎಂದು ತೀರ್ಮಾನ ಕೊಟ್ಟರಂತೆ. ಆ ತೀರ್ಮಾನ ಇವತ್ತಿನವರೆಗೂ ಹಾಗೇ ಇದೆ. ರಜೆ ಭಾನುವಾರಕ್ಕೆ ಬಂದು ಎಷ್ಟೋ ಕಾಲವಾದರೂ ಅವರ ಸೋಮವಾರ ವಾರದ ಎರಡನೆಯ ದಿನವಾಗಿಯೇ ಕೂತಿದೆ.

“ಎದುರು ಪೈನ್ ಮರದಡಿ ಒಂದು ಬೆಂಚು ಇತ್ತು. ಅದ್ರಲ್ಲಿ ಕೂತು ಉಪ್ಪಿನಕಾಯಿ ಹಚ್ಚಿದ ಬ್ರೆಡ್ಡು ತಿಂದೆವು,” ಅಂದರು ಆಂಟಿ. “ನೋಡ್ಲಿಕ್ಕೆ ಎಂತ ಇರ್ಲಿಲ್ಲ ಅಲ್ವಾ, ಸಂಜೆವರೆಗೆ ಮಾತಾಡಿದೆವು. ಅವ್ರು ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದ್ರು. ಆ ಒಂದು ದಿನ ಅವ್ರು ಗಡಿಯಾರ ನೋಡ್ಲಿಲ್ಲ ನಿಸರ್ಗಾ.”

ಆಮೇಲೆ, ಬಸ್ ಸ್ಟ್ಯಾಂಡು ಹತ್ತಿರವಾದಾಗ, ಅವರು ಉಳಿದದ್ದನ್ನೂ ಹೇಳಿದರು. ಇವರು ನನಗೆ ಇರು ಅನ್ನುವುದಿಲ್ಲ, ಅವರಿಗೆ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಇದ್ದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಅಭ್ಯಾಸವಿಲ್ಲ. ಬೇಡದವರ ಮನೆಯಲ್ಲಿ ಕೂರುವುದಕ್ಕಿಂತ ಊರಿಗೆ ಹೋಗುವುದೇ ವಾಸಿ ಅಂದರು. ಜ್ವರ ಬಿಟ್ಟು ಮರುದಿನವೇ ಆಫೀಸಿಗೆ ಬಂದ ಅಂಕಲ್ಲರ ಮುಖ ನೋಡಿದರೆ, ಅವರು ಯಾರಿಗೋ ಫೋನಿನಲ್ಲಿ, ಗೈಡು ಪುಸ್ತಕದಲ್ಲಷ್ಟೇ ನೋಡಿದ್ದ ಓಸ್ಟಿಯಾದ ಪಾಯಿಖಾನೆ ವರ್ಣಿಸುತ್ತಿದ್ದರು.

ಆಂಟಿ ಊರಿಗೆ ಹೊರಡುವ ಮೊದಲಿನ ಕೊನೆಯ ಭಾನುವಾರ ಮಾರ್ಸೆಲ್ ಮನೆಯಲ್ಲಿ ಊಟ. ಅವರ ಮಗ ನೆಲ್ಸನ್, ಹೊಸ ಸೊಸೆ ಡಿಂಪಲ್ ಇಟಲಿಯಿಂದ ಬಂದಿದ್ದರು. ಮಧುಚಂದ್ರದ ವ್ಯವಸ್ಥೆಯೆಲ್ಲ ಅಂಕಲ್ಲರ ಸಲಹೆಯಂತೆ ನಡೆದಿತ್ತು. ಇಡ್ಲಿಯಂಥ ಸಾನ್ನಾ, ಪೋರ್ಕು, ನನಗಾಗಿ ಬೇರೆಯೇ ಒಂದು ಕಡಲೆ ಗಸಿ. ಟಿವಿಯಲ್ಲಿ ಫೋಟೋಗಳು ಓಡುತ್ತಿದ್ದವು. ಅಂಕಲ್ ಮುಂದಿನ ಸೋಫಾದಲ್ಲಿ ಕೂತು, ತಮ್ಮದೇ ಮಗಳ ಮದುವೆ ವಿಡಿಯೊ ನೋಡುವ ಹಾಗೆ ನೋಡುತ್ತಿದ್ದರು. ತಿವೋಲಿ ಬಂತು, ಒರ್ವಿಯೆತೊ ಬಂತು. ಆಮೇಲೆ ಒಂದು ಕಬ್ಬಿಣದ ಗೇಟು ಬಂತು, ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಡಿಂಪಲ್.

“ಇದು ನಿಮ್ಮ ಓಸ್ಟಿಯಾ, ಅಂಕಲ್,” ಅಂದ ನೆಲ್ಸನ್. “ಕ್ಲೋಸ್ಡ್. ಎವ್ರಿ ಮಂಡೇ ಕ್ಲೋಸ್ಡ್ ಅಂತೆ, ಬೋರ್ಡೇ ಉಂಟು.”

ಹುಡುಗ ಸಿಟ್ಟಿನಲ್ಲಿರಲಿಲ್ಲ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಸೋಮವಾರ ಮುಚ್ಚಿರುತ್ತದೆ ಎಂದು ಡಿಂಪಲ್‌ಳ ಫೋನು ಮೊದಲೇ ಹೇಳಿತ್ತಂತೆ. ಫೋನಿಗೆ ಏನು ಗೊತ್ತು, ಆಲ್ಫೋನ್ಸ್ ಅಂಕಲ್ ಹೋದದ್ದು ಸೋಮವಾರ, ನನ್ನ ಅಪ್ಪ ಅಮ್ಮ ಹೋದದ್ದೂ ಸೋಮವಾರ ಎಂದು ಇವನು ಹಟ ಹಿಡಿದು ಅವಳನ್ನು ಕರೆದುಕೊಂಡು ಹೋಗಿದ್ದ. ಈಗ ಅವನು ತಂದೆಯ ಕಡೆ ತಿರುಗಿದ.

“ಡ್ಯಾಡಿ, ನೀವು ಯಾವ ಗೇಟಿನಿಂದ ಒಳಗೆ ಹೋದದ್ದು?”

ಮಾರ್ಸೆಲ್ ತಟ್ಟೆಯಲ್ಲಿದ್ದ ಸಾನ್ನಾವನ್ನು ಬಹಳ ಶ್ರದ್ಧೆಯಿಂದ ನಾಲ್ಕು ತುಂಡು ಮಾಡಿದರು. ಆ ತುಂಡುಗಳನ್ನು ಮತ್ತೆ ಚಿಕ್ಕ ತುಂಡು ಮಾಡಿದರು. ಬೆಟ್ಟಿ ಆಂಟಿಗೆ ಅಷ್ಟು ತಾಳ್ಮೆ ಇರಲಿಲ್ಲ. ಹೋದದ್ದು ನಿಜ, ಒಳಗೆ ಹೋಗಲಿಲ್ಲ, ಗೇಟು ಮುಚ್ಚಿತ್ತು ಅಂದುಬಿಟ್ಟರು. ಅಷ್ಟು ದೂರ ಹೋಗಿ ಒಂದು ಬೀಗ ನೋಡಿ ಬಂದೆವು ಎಂದು ಯಾರ ಹತ್ತಿರ ಹೇಳುವುದು? ಅದೂ ಆಲ್ಫೋನ್ಸ್ ಅಷ್ಟು ಪ್ರೀತಿಯಿಂದ ಹೇಳಿ ಕಳಿಸಿರುವಾಗ. ಅವತ್ತು ಏನೋ ತೊಂದರೆಯಿರಬೇಕು, ನಮ್ಮ ಗ್ರಹಚಾರ ಅಂದುಕೊಂಡು ಸುಮ್ಮನಾದೆವು ಅಂದರು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ವಿಲ್ಸನ್ ನಗತೊಡಗಿದ. ನಗುತ್ತಲೇ, ತಾನೂ ಗೇಟಿನವರೆಗಷ್ಟೇ ಹೋದದ್ದು ಎಂದು ಒಪ್ಪಿಕೊಂಡ. ಎಲ್ಲಿ ಕೂತು ತಿಂದಿರಿ ಎಂದು ಬೆಟ್ಟಿ ಆಂಟಿ ಕೇಳಿದರೆ, ಎದುರಿಗೆ ಪೈನ್ ಮರದಡಿ ಒಂದು ಬೆಂಚು ಉಂಟಲ್ಲ ಅಂದ. ಅದೇ ಬೆಂಚು. ಇಟಲಿ ಸರಕಾರಕ್ಕೆ ಗೊತ್ತೇ ಇಲ್ಲದೆ ಕರಾವಳಿಯ ಕ್ರೈಸ್ತರು ವರ್ಷಗಟ್ಟಲೆ ಒಂದು ಬೆಂಚಿಗೆ ಯಾತ್ರೆ ಮಾಡಿದ್ದರು, ಮತ್ತು ಅಲ್ಲಿಂದ ಬಂದವರೆಲ್ಲ ಒಂದೇ ಬಾಯಿಯಲ್ಲಿ ಶಾಂತಿಯನ್ನು ಹೊಗಳಿದ್ದರು.

ಮನೆಯೆಲ್ಲ ನಗು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಅಂಕಲ್ಲರನ್ನು ನೋಡಿ ನಿಲ್ಲಿಸಿದೆ. ಅವರು ಟಿವಿಯ ಮೇಲಿನ ಗೇಟನ್ನೇ ನೋಡುತ್ತಿದ್ದರು. ಮುಷ್ಕರವಾಗಿರಲಿಲ್ಲ ಎಂಬುದು ಅವರಿಗೆ ತಿಳಿದದ್ದು ಆಗಲೇ. ಯಾರೋ ಒಬ್ಬರು ಕೇಳಿಯೇಬಿಟ್ಟರು, ಹಾಗಾದರೆ ನೀವಾದರೂ ಒಳಗೆ ಹೋಗಿದ್ದಿರಾ ಅಂಕಲ್ ಅಂತ. ಉತ್ತರ ಕೊಟ್ಟವರು ರೆಜಿನಾ ಆಂಟಿ.

“ಇಲ್ಲ, ನಾವೂ ಒಳಗೆ ಹೋಗ್ಲಿಲ್ಲ,” ಅಂದರು. “ಆದ್ರೆ ಇವ್ರು ಹೇಳಿದ್ದು ಸುಳ್ಳಲ್ಲ. ಶಾಂತಿ ಇತ್ತು.”

ಬೆಟ್ಟಿ ಆಂಟಿ ಇನ್ನೊಂದು ಸುತ್ತು ಸಾನ್ನಾ ತಂದರು. ಅಂಕಲ್ ತಿನ್ನಲಿಲ್ಲ. ಹೊರಗೆ ಇನ್ನೂ ಸುಡುಬಿಸಿಲು, ಬಸ್ಸಿಗೆ ಬೇಕಾದಷ್ಟು ಸಮಯವಿತ್ತು, ಆದರೂ ಅವರು ಕೈಗಡಿಯಾರ ನೋಡಿ, ಯಲ್ಲಾ, ಹೊತ್ತಾಯ್ತು ಎಂದು ಎದ್ದರು. ಮುಖ ತಪ್ಪಿಸಿಕೊಳ್ಳಲು ಅವರಿಗೆ ಸಿಕ್ಕಿದ್ದು ಅದೊಂದೇ ದಾರಿ. ಆದರೆ ಅದು ಆಂಟಿಯ ಕೊನೆಯ ಭಾನುವಾರ. ಅಂಕಲ್ಲರನ್ನು ಅಲ್ಲೇ ಗದರಿಬಿಡೋಣ ಅನ್ನಿಸಿತು ನನಗೆ. ಆಂಟಿ ಚಪ್ಪಲಿ ಮೆಟ್ಟಿಕೊಂಡರು.

ಕಾರಿನಲ್ಲಿ ಅಂಕಲ್ ಅಂದು ಹಿಂದಿನ ಸೀಟಿಗೆ ಹೋದರು, ಆಂಟಿಯ ಪಕ್ಕಕ್ಕೆ. ಯಾವ ಲೇನ್ ಅಂತಲೂ ಹೇಳಲಿಲ್ಲ. ಬಹಳ ದೂರ ಬಂದ ಮೇಲೆ, ಇನ್ನೊಮ್ಮೆ ಹೋಗೋಣ, ಮಂಗಳವಾರ ಹೋದರೆ ತೆರೆದಿರುತ್ತದೆ ಎಂದು ಶುರುಮಾಡಿದರು. ಮಂಗಳೂರಿನಿಂದ ಮುಂಬೈ, ಮುಂಬೈಯಿಂದ ರೋಮು, ತಾವು ದುಬೈಯಿಂದ ಬಂದು ಅಲ್ಲಿ ಸೇರಿಕೊಳ್ಳುವುದು, ಯಾವ ವಿಮಾನದಲ್ಲಿ ಊಟ ಒಳ್ಳೆಯದು, ಹೀಗೆ. ಕನ್ನಡಿಯಲ್ಲಿ ಆಂಟಿ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ತಿರುಗಿದರು. ಗಂಡನ ಹತ್ತಿರ ಯಾವತ್ತೂ ಕೊಂಕಣಿಯಲ್ಲೇ ಮಾತಾಡುವವರು ಅಂದು ಬೇಕೆಂದೇ ಕನ್ನಡದಲ್ಲಿ ಕೇಳಿದರು. ನಾನು ಸಾಕ್ಷಿಯಾಗಿರಲಿ ಅಂತಲೇ ಇರಬೇಕು.

“ನಿಮ್ಮ ಸಲಹೆ ಸಾಕು. ನಾನು ಇಲ್ಲಿ ನಿಮ್ಮ ಒಟ್ಟಿಗೆ ಇರ್ಬೇಕಾ, ಬೇಡ್ವಾ? ಅದೊಂದು ಹೇಳಿ.”

ಒಂದು ಎಕ್ಸಿಟ್ ದಾಟಿತು, ಇನ್ನೊಂದು ದಾಟಿತು. ನಾನು ಬೇಕೆಂದೇ ನಿಧಾನ ಓಡಿಸುತ್ತಿದ್ದೆ, ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಹೋದರು. ಕೊನೆಗೆ ಅಂಕಲ್ ಬಾಯಿಬಿಟ್ಟರು.

“ಮನೆ ಚಿಕ್ಕದು ರೆಜಿ. ಅಡುಗೆಕೋಣೆಯಲ್ಲಿ ಇಬ್ರು ನಿಲ್ಲಿಕ್ಕಾಗುದಿಲ್ಲ. ಎಸಿ ನೀರು ಸೋರ್ತದೆ. ನೋಡ್ಲಿಕ್ಕೆ ಅಲ್ಲಿ ಎಂತ ಇಲ್ಲ, ನಾನೊಬ್ಬ. ದಿನಾ ಅದನ್ನೇ ನೋಡಿದ್ರೆ ನಿಂಗೆ ಬೇಜಾರು ಬಂದ್ರೆ ಅಂತ ನಂಗೆ ಹೆದ್ರಿಕೆ.”

ಇಷ್ಟು ವರ್ಷದಲ್ಲಿ ಅವರು ಒಂದು ಜಾಗದ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನನ್ನ ಕಣ್ಣು ಮಂಜಾಗಿ ವೈಪರ್ ಹಾಕಬೇಕೇನೋ ಅನ್ನಿಸಿತು.

“ಗೇಟು ತೆರ್ದುಂಟಾ?” ಅಂತ ಕೇಳಿದರು ಆಂಟಿ.

“ಉಂಟು,” ಅಂದರು ಅಂಕಲ್. “ಸೋಮವಾರವೂ.”

ತಿರುಗಿಸು ಅಂತ ಯಾರೂ ನನಗೆ ಹೇಳಲಿಲ್ಲ. ಮುಂದಿನ ಎಕ್ಸಿಟ್ ಹಿಡಿದು, ಸೇತುವೆ ಹತ್ತಿ ಕಾರು ತಿರುಗಿಸಿದೆ. ಆಂಟಿಯ ಎರಡು ಪೆಟ್ಟಿಗೆ ಖಲೀಫಾ ಸಿಟಿಯ ಕೋಣೆಯಲ್ಲೇ ಉಳಿದಿದ್ದವು. ಮಾರನೆಯ ದಿನ ಸೋಮವಾರ, ವಾರದ ಮೊದಲ ದಿನವೇ ಅಂಕಲ್ಲೂ ನಾನೂ ಆಫೀಸಿಗೆ ರಜೆ ಹಾಕಿ ಹೋಗಿ ಅವನ್ನು ತಂದೆವು.